ಕಡಿಮೆ ಬಜೆಟ್‌ನಲ್ಲಿ ಮೊದಲ ಗೋಲ್ಡ್ ಡಿಟೆಕ್ಟರ್: ಯಾವುದನ್ನ ತಗೋಬೇಕು?

ಇಂಟರ್ನಲ್ಸ್ ಮುಗಿದ ದಿನ ರಾತ್ರಿ ನಮ್ಮ ರೂಮಿನ ಹುಡುಗನಿಗೆ ಅವನ ಅಣ್ಣನಿಂದ ಒಂದು ಮೆಸೇಜ್ ಬಂತು. ಅಣ್ಣ ಇರೋದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೆಂಡಿಗೋ ಊರಲ್ಲಿ. ವಾರವೆಲ್ಲ ಓದು, ಶನಿವಾರ ಒಂದು ಗೋಡೌನ್‌ನಲ್ಲಿ ಕೆಲಸ. ಮೆಸೇಜ್ ಹೀಗಿತ್ತು: "ಲೋ, ಇಲ್ಲಿ ಜನ ಭಾನುವಾರ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಕಾಡಿಗೆ ಹೋಗಿ ಚಿನ್ನ ಹುಡುಕ್ತಾರೆ ಕಣೋ. ನಾನೂ ಒಂದು ತಗೋಬೇಕು. 800 ಡಾಲರ್ ಕೂಡಿಟ್ಟಿದ್ದೀನಿ. ನೀವೆಲ್ಲ ಇಸಿ ಓದ್ತಿದ್ದೀರಲ್ಲ, ಯಾವುದು ತಗೊಳ್ಲಿ ಹೇಳ್ರೋ."

ಜೊತೆಗೆ ಒಂದು ಸ್ಕ್ರೀನ್‌ಶಾಟ್. ನಾವ್ಯಾರೂ ಹೆಸರು ಕೇಳಿರದ ಒಂದು ಡಿಟೆಕ್ಟರ್, ಬೆಲೆ 250 ಡಾಲರ್, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ "3 ಮೀಟರ್ ಆಳದ ಚಿನ್ನವನ್ನೂ ಪತ್ತೆ ಮಾಡುತ್ತದೆ". ಆರ್ಡರ್ ಮಾಡೋದೊಂದೇ ಬಾಕಿ.

ಮೊದಲು ನಾವು ರಾಕಿ ಭಾಯ್ ಡೈಲಾಗ್ ಹೊಡ್ಕೊಂಡು ನಕ್ಕಿದ್ದೇ ಬಂತು. ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯ್ತು: ಆ 800 ಡಾಲರ್ ಅಂದ್ರೆ ಅವನ ಎಷ್ಟೋ ಶನಿವಾರಗಳು. ನಾವು ಬಾಯಿಗೆ ಬಂದಿದ್ದು ಹೇಳಿದ್ರೆ ಅದು ಮಣ್ಣುಪಾಲು. ಹೇಗೂ ಈ ಸೆಮ್‌ನಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಇದೆ. ಎರಡು ವಾರ ಕೂತು ಓದಿದೆವು, ಲೆಕ್ಕ ಹಾಕಿದೆವು. ಅದರಿಂದ ನಮಗೆ ಅರ್ಥ ಆಗಿದ್ದನ್ನ ಇಲ್ಲಿ ಬರೀತಿದ್ದೀವಿ. ಒಂದೇ ಸಾಲಿನಲ್ಲಿ ಹೇಳೋದಾದ್ರೆ: ಮೊದಲ ಡಿಟೆಕ್ಟರ್ ತಗೊಳ್ಳುವಾಗ "ಎಷ್ಟು ಆಳ ಹೋಗುತ್ತೆ" ಅಂತ ಕೇಳಬಾರದು. "ನನ್ನ ನೆಲ ಎಂಥದ್ದು, ಅಲ್ಲಿ ಸಿಗೋ ಚಿನ್ನ ಎಷ್ಟು ದೊಡ್ಡದು" ಅಂತ ಕೇಳಬೇಕು.

ವಿಕ್ಟೋರಿಯಾದ ನೆಲ

ವಿಕ್ಟೋರಿಯಾದಲ್ಲಿ ಚಿನ್ನದ ಭರಾಟೆ ಶುರುವಾಗಿದ್ದು 1851ರಲ್ಲಿ. ಬ್ಯಾಲರಾಟ್, ಬೆಂಡಿಗೋ ಎಲ್ಲ ಆಗ ಬೆಳೆದ ಊರುಗಳು. ಅಲ್ಲಿನ ವಿಶೇಷ ಏನಂದ್ರೆ ನಗೆಟ್, ಅಂದ್ರೆ ನೆಲದಲ್ಲಿ ತಾನಾಗೇ ಉಂಡೆಯಾಗಿ ಸಿಗೋ ಚಿನ್ನ. 1869ರಲ್ಲಿ ಮೋಲಿಯಾಗಲ್ ಅನ್ನೋ ಹಳ್ಳಿಯಲ್ಲಿ ಇಬ್ಬರು ಗಣಿಗಾರರಿಗೆ ಸಿಕ್ಕ 'ವೆಲ್ಕಮ್ ಸ್ಟ್ರೇಂಜರ್' ನಗೆಟ್‌ನಲ್ಲಿ ಸುಮಾರು 70 ಕೆಜಿ ಚಿನ್ನ ಇತ್ತು. ಅದು ಇದ್ದದ್ದು ನೆಲದಿಂದ ಕೆಲವೇ ಸೆಂಟಿಮೀಟರ್ ಕೆಳಗೆ! 1980ರಲ್ಲಿ ಕಿಂಗೋವರ್ ಹತ್ತಿರ ಕೆವಿನ್ ಹಿಲಿಯರ್ ಅನ್ನುವವರು ಮೆಟಲ್ ಡಿಟೆಕ್ಟರ್ ಹಿಡಿದು ಹೋಗಿ ಸುಮಾರು 27 ಕೆಜಿಯ 'ಹ್ಯಾಂಡ್ ಆಫ್ ಫೇತ್' ನಗೆಟ್ ತೆಗೆದರು. ಲಾಸ್ ವೇಗಸ್‌ನ ಒಂದು ಕ್ಯಾಸಿನೋ ಅದನ್ನು ಕೊಂಡು ಪ್ರದರ್ಶನಕ್ಕೆ ಇಟ್ಟಿತು.

ಈ ಕಥೆ ಕೇಳಿದ ಯಾರಿಗಾದ್ರೂ ಬಾಯಲ್ಲಿ ನೀರು ಬರುತ್ತೆ. ಆದರೆ ಡನೋಲಿ, ಟಾರ್ನಗಲ್ಲಾ, ವೆಡರ್‌ಬರ್ನ್ ಕಡೆಯ ಕಾಡುಗಳಲ್ಲಿ ಇಷ್ಟು ವರ್ಷದಿಂದ ಸಾವಿರಾರು ಜನ ಕಾಯಿಲ್ ಆಡಿಸಿದ್ದಾರೆ. ದೊಡ್ಡದೂ ಸುಲಭದ್ದೂ ಬಹುಪಾಲು ಹೋಗಿಯಾಗಿದೆ. ಹೊಸಬರಿಗೆ ಸಿಕ್ಕರೆ ಸಾಮಾನ್ಯವಾಗಿ ಒಂದು ಗ್ರಾಮಿಗಿಂತ ಚಿಕ್ಕ ತುಣುಕೇ ಸಿಗೋದು. ಇನ್ನೊಂದು ಕಷ್ಟ, ಅಲ್ಲಿನ ಮಣ್ಣು. ತುಂಬಾ ಕಡೆ ಕಬ್ಬಿಣದ ಅಂಶ ತುಂಬಿದ ಕೆಂಪು ಮಣ್ಣು. ಡಿಟೆಕ್ಟರ್‌ಗೆ ಆ ಮಣ್ಣೇ ಒಂದು ಲೋಹದ ಥರ ಕೇಳಿಸುತ್ತೆ.

ಚಿಕ್ಕ ಚಿನ್ನ, ಗಲಾಟೆ ಮಾಡೋ ಮಣ್ಣು. ಇವೆರಡನ್ನ ನೆನಪಿಟ್ಟುಕೊಂಡು ಮುಂದೆ ಓದಿ.

ಡಿಟೆಕ್ಟರ್ ಕೆಲಸ ಮಾಡೋದು ಹೇಗೆ

ಪಿಯುಸಿಯಲ್ಲಿ ಓದಿದ ಫ್ಯಾರಡೇ ನಿಯಮ ಸಾಕು. ಡಿಟೆಕ್ಟರ್ ತುದಿಯ ತಟ್ಟೆಯೊಳಗೆ ಎರಡು ಕಾಯಿಲ್ ಇರುತ್ತೆ. ಒಂದರಲ್ಲಿ ಎಸಿ ಕರೆಂಟ್ ಹರಿಸಿದ್ರೆ ಬದಲಾಗುತ್ತಾ ಇರೋ ಕಾಂತಕ್ಷೇತ್ರ ನೆಲದೊಳಗೆ ಹೋಗುತ್ತೆ. ಅಲ್ಲಿ ಲೋಹ ಇದ್ರೆ ಅದರೊಳಗೆ ಎಡ್ಡಿ ಕರೆಂಟ್ ಸುತ್ತೋಕೆ ಶುರು ಮಾಡುತ್ತೆ. ಆ ಕರೆಂಟ್ ತನ್ನದೇ ಒಂದು ಪುಟ್ಟ ಕ್ಷೇತ್ರ ಹುಟ್ಟಿಸುತ್ತೆ. ಎರಡನೇ ಕಾಯಿಲ್ ಅದನ್ನ ಹಿಡಿದು ಹೆಡ್‌ಫೋನ್‌ನಲ್ಲಿ ಸದ್ದು ಮಾಡುತ್ತೆ. ಈ ಬಗೆಯ ಮಷಿನ್‌ಗೆ ವಿಎಲ್‌ಎಫ್ ಅಂತಾರೆ. ನಮ್ಮ ಟೆಕ್ಸ್ಟ್ ಬುಕ್ ಪ್ರಕಾರ ವಿಎಲ್‌ಎಫ್ ಅಂದ್ರೆ 3ರಿಂದ 30 ಕಿಲೋಹರ್ಟ್ಸ್. ಡಿಟೆಕ್ಟರ್ ಕಂಪನಿಗಳು ಮಾತ್ರ 70 ಕಿಲೋಹರ್ಟ್ಸ್ ಮಷಿನ್‌ಗೂ ಅದೇ ಹೆಸರು ಇಟ್ಟಿವೆ. ಎಕ್ಸಾಮ್‌ನಲ್ಲಿ ಹಾಗೆ ಬರೀಬೇಡಿ.

ಇನ್ನೊಂದು ಬಗೆ ಪಿಐ, ಅಂದ್ರೆ ಪಲ್ಸ್ ಇಂಡಕ್ಷನ್. ಇದು ನಿರಂತರವಾಗಿ ಕಳಿಸಲ್ಲ. ಒಂದು ಪಲ್ಸ್ ಕೊಟ್ಟು, ಥಟ್ ಅಂತ ನಿಲ್ಲಿಸಿ, ಕೆಲವು ಮೈಕ್ರೋಸೆಕೆಂಡ್ ಕಾದು, ನೆಲದಿಂದ ಏನು ವಾಪಸ್ ಬರ್ತಿದೆ ಅಂತ ಕೇಳುತ್ತೆ. ಮಣ್ಣಿನ ಗಲಾಟೆ ಅಷ್ಟೊತ್ತಿಗೆ ತುಂಬಾ ಇಳಿದಿರುತ್ತೆ. ಅದಕ್ಕೇ ಕೆಂಪು ನೆಲದಲ್ಲಿ ಆಳದ ನಗೆಟ್ ಹುಡುಕೋರೆಲ್ಲ ಪಿಐ ಕಡೆಗೇ ಹೋಗೋದು. ಮೈನ್‌ಲ್ಯಾಬ್ ಕಂಪನಿಯ ಜಿಪಿಎಕ್ಸ್ 6000, ಎಸ್‌ಡಿಸಿ 2300 ಥರದವು ಪುಟ್ಟ ಚಿನ್ನವನ್ನೂ ಚೆನ್ನಾಗಿ ಹಿಡೀತವೆ. ಆದರೆ ಬೆಲೆ ಸಾವಿರಾರು ಡಾಲರ್. ನಮ್ಮ ಅಣ್ಣನ 800ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ವಿಎಲ್‌ಎಫ್‌ನಲ್ಲೇ ಒಳ್ಳೇದನ್ನ ಆರಿಸಬೇಕು.

ಆಳದ ಜಾಹೀರಾತು ಯಾಕೆ ನಂಬಬಾರದು

ಕಾಯಿಲ್‌ಗಿಂತ ದೂರದಲ್ಲಿ ಇರೋ ಚಿಕ್ಕ ವಸ್ತುವನ್ನ ತಗೊಳ್ಳಿ. ಕಾಯಿಲ್‌ನ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತೆ. ವಸ್ತುವಿನಿಂದ ವಾಪಸ್ ಬರೋ ಕ್ಷೇತ್ರವೂ ಹಾಗೇ ಇಳಿಯುತ್ತೆ. ಹೋಗೋವಾಗ ಮೂರು ಘಾತ, ಬರೋವಾಗ ಮೂರು ಘಾತ, ಒಟ್ಟು ಆರು. ಅಂದ್ರೆ ಆಳ ಎರಡು ಪಟ್ಟಾದ್ರೆ ಸಿಗ್ನಲ್ 64ರಲ್ಲಿ ಒಂದು ಭಾಗ.

ಇದನ್ನೇ ತಿರುಗಿಸಿ ನೋಡಿ. ಮಷಿನ್‌ನ ಸೂಕ್ಷ್ಮತೆ ಎರಡು ಪಟ್ಟು ಮಾಡಿದ್ರೂ ಆಳ ಹೆಚ್ಚಾಗೋದು ಎರಡರ ಆರನೇ ಮೂಲದಷ್ಟು, ಅಂದ್ರೆ ಬರೀ 12 ಪರ್ಸೆಂಟ್. 10 ಸೆಂಟಿಮೀಟರ್ ಆಳಕ್ಕೆ ಕೇಳಿಸೋದು 11.2 ಸೆಂಟಿಮೀಟರ್‌ಗೆ ಕೇಳಿಸುತ್ತೆ, ಅಷ್ಟೇ. ಈ ಲೆಕ್ಕ ಗೊತ್ತಿದ್ರೆ "3 ಮೀಟರ್" ಅನ್ನೋ ಮಾತಿಗೆ ನಗು ಬರುತ್ತೆ. ಮೂರು ಮೀಟರ್ ಕೆಳಗೆ ಒಂದು ಕಾರ್ ಹೂತಿಟ್ಟಿದ್ರೆ ಬೇರೆ ವಿಷಯ. ಒಂದು ಗ್ರಾಮಿನೊಳಗಿನ ಚಿನ್ನಕ್ಕೆ ಸೆಂಟಿಮೀಟರ್‌ನಲ್ಲೇ ಮಾತಾಡಬೇಕು.

ಫ್ರೀಕ್ವೆನ್ಸಿ: ನಾವು ಹಾಕಿದ ಲೆಕ್ಕ

ಲೋಹದ ಪ್ರತಿ ತುಣುಕಿಗೂ ಒಂದು ಟೈಮ್ ಕಾನ್‌ಸ್ಟೆಂಟ್ ಇರುತ್ತೆ, ನಮ್ಮ ಆರ್‌ಎಲ್ ಸರ್ಕ್ಯೂಟ್ ಥರಾನೇ. ಉಂಡೆ ದೊಡ್ಡದಾದಷ್ಟೂ ಅದು ತ್ರಿಜ್ಯದ ವರ್ಗದಂತೆ ಹೆಚ್ಚುತ್ತೆ. ಶುದ್ಧ ಚಿನ್ನದ ಗುಂಡು ಅಂತ ಇಟ್ಕೊಂಡು ಎರಡು ಅಳತೆಗೆ ಲೆಕ್ಕ ಮಾಡಿದೆವು.

5 ಮಿಲಿಮೀಟರ್ ವ್ಯಾಸದ ಗುಂಡು: ತೂಕ ಸುಮಾರು 1.26 ಗ್ರಾಂ, ಟೈಮ್ ಕಾನ್‌ಸ್ಟೆಂಟ್ ಸುಮಾರು 33 ಮೈಕ್ರೋಸೆಕೆಂಡ್, ಕಾರ್ನರ್ ಫ್ರೀಕ್ವೆನ್ಸಿ ಸುಮಾರು 5 ಕಿಲೋಹರ್ಟ್ಸ್.

1 ಮಿಲಿಮೀಟರ್ ವ್ಯಾಸದ ಗುಂಡು: ತೂಕ ಸುಮಾರು 0.01 ಗ್ರಾಂ, ಟೈಮ್ ಕಾನ್‌ಸ್ಟೆಂಟ್ ಸುಮಾರು 1.3 ಮೈಕ್ರೋಸೆಕೆಂಡ್, ಕಾರ್ನರ್ ಫ್ರೀಕ್ವೆನ್ಸಿ ಸುಮಾರು 120 ಕಿಲೋಹರ್ಟ್ಸ್.

ದೊಡ್ಡ ಗುಂಡು 5 ಕಿಲೋಹರ್ಟ್ಸ್ ಮಷಿನ್‌ಗೂ ಚೆನ್ನಾಗಿ ಉತ್ತರ ಕೊಡುತ್ತೆ. ಚಿಕ್ಕದು ಕೊಡಲ್ಲ. ಅದಕ್ಕೆ ಫ್ರೀಕ್ವೆನ್ಸಿ ಏರಿಸಿದಷ್ಟೂ ಸಿಗ್ನಲ್ ಏರುತ್ತೆ. ಇದೇ ಮಾದರಿಯಲ್ಲಿ 15 ಕಿಲೋಹರ್ಟ್ಸ್ ಬದಲು 45 ಕಿಲೋಹರ್ಟ್ಸ್ ಹಾಕಿದ್ರೆ 1 ಮಿಲಿಮೀಟರ್ ಗುಂಡಿನ ಎಡ್ಡಿ ಪ್ರತಿಕ್ರಿಯೆ ಸುಮಾರು 2.7 ಪಟ್ಟು. ನೆಲದ ಚಿನ್ನದಲ್ಲಿ ಬೆಳ್ಳಿ ಬೆರೆತಿರುತ್ತೆ, ಆಕಾರವೂ ಅಂಕುಡೊಂಕು. ಹಾಗಾಗಿ ಅದಕ್ಕೆ ಇನ್ನೂ ಹೆಚ್ಚಿನ ಫ್ರೀಕ್ವೆನ್ಸಿ ಬೇಕಾಗುತ್ತೆ. ನಾಣ್ಯ ಹುಡುಕೋ ಸಾಮಾನ್ಯ ಡಿಟೆಕ್ಟರ್‌ಗಳು ಕಡಿಮೆ ಫ್ರೀಕ್ವೆನ್ಸಿಯಲ್ಲಿ, ಚಿನ್ನದ ಡಿಟೆಕ್ಟರ್‌ಗಳು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಇರೋದಕ್ಕೆ ಕಾರಣ ಇದೇ.

ಹಳೇ ಬಗೆಯ ಪಿಐ ಮಷಿನ್‌ಗಳಿಗೆ ಪುಟ್ಟ ಚಿನ್ನ ಯಾಕೆ ತಪ್ಪಿಹೋಗುತ್ತೆ ಅನ್ನೋದೂ ಇದರಿಂದಲೇ ಗೊತ್ತಾಗುತ್ತೆ. ಮಷಿನ್ 10 ಮೈಕ್ರೋಸೆಕೆಂಡ್ ಕಾಯೋಷ್ಟರಲ್ಲಿ 1.3 ಮೈಕ್ರೋಸೆಕೆಂಡ್‌ನ ಚಿನ್ನ ಹೇಳೋದನ್ನೆಲ್ಲ ಹೇಳಿ ಸುಮ್ಮನಾಗಿರುತ್ತೆ.

ಗ್ರೌಂಡ್ ಬ್ಯಾಲೆನ್ಸ್ ಇಲ್ಲದಿದ್ರೆ ಮುಟ್ಟಬೇಡಿ

ಇಡೀ ಲೇಖನದಲ್ಲಿ ಒಂದು ಪ್ಯಾರಾ ಮಾತ್ರ ಓದೋರು ಇದನ್ನ ಓದಿ. ಕಬ್ಬಿಣದ ಅಂಶ ಇರೋ ಮಣ್ಣು ತನ್ನದೇ ಸಿಗ್ನಲ್ ಕೊಡುತ್ತೆ, ಅದೂ ಚಿನ್ನದ ಸಿಗ್ನಲ್‌ಗಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ಎರಡರ ಫೇಸ್ ಬೇರೆ. ಮಣ್ಣಿನ ಸಿಗ್ನಲ್ ಯಾವ ಫೇಸ್‌ನಲ್ಲಿದೆಯೋ ಅದಕ್ಕೆ ಸರಿಯಾಗಿ 90 ಡಿಗ್ರಿ ತಿರುಗಿಸಿ ಅಳೆದ್ರೆ ಮಣ್ಣು ಸೊನ್ನೆ ಆಗುತ್ತೆ, ಚಿನ್ನದ ಒಂದಷ್ಟು ಭಾಗ ಉಳಿಯುತ್ತೆ. ಇದೇ ಗ್ರೌಂಡ್ ಬ್ಯಾಲೆನ್ಸ್.

ಅಗ್ಗದ ಮಷಿನ್‌ಗಳಲ್ಲಿ ಈ ಕೋನವನ್ನ ಫ್ಯಾಕ್ಟರಿಯಲ್ಲೇ ಫಿಕ್ಸ್ ಮಾಡಿರ್ತಾರೆ. ಪಾರ್ಕಿನ ಹುಲ್ಲುಹಾಸಿನಲ್ಲಿ ನಾಣ್ಯ ಹುಡುಕೋಕೆ ಅದು ನಡೆಯುತ್ತೆ. ಕೆಂಪು ನೆಲಕ್ಕೆ ಹೋದ್ರೆ ಪ್ರತಿ ಹೆಜ್ಜೆಗೂ ಕಿರುಚುತ್ತೆ. ಕಿರುಚಾಟ ತಡೆಯೋಕೆ ಸೆನ್ಸಿಟಿವಿಟಿ ಇಳಿಸ್ತೀರಿ. ಇಳಿಸಿದ ಮೇಲೆ ಚಿನ್ನವೂ ಕೇಳಿಸಲ್ಲ. ಹಾಗಾಗಿ ಕೈಯಲ್ಲಿ ಹೊಂದಿಸೋ ಗ್ರೌಂಡ್ ಬ್ಯಾಲೆನ್ಸ್ ಅಥವಾ ತಾನೇ ಹೊಂದಿಸ್ಕೊಳ್ಳೋ ಟ್ರ್ಯಾಕಿಂಗ್, ಎರಡರಲ್ಲಿ ಒಂದಾದ್ರೂ ಇರಲೇಬೇಕು. ಅಣ್ಣ ಕಳಿಸಿದ 250 ಡಾಲರಿನ ಮಷಿನ್‌ನ ವಿವರದಲ್ಲಿ ಎರಡೂ ಇರಲಿಲ್ಲ. ಕೆಲಸದ ಫ್ರೀಕ್ವೆನ್ಸಿ ಎಷ್ಟು ಅನ್ನೋದೂ ಇರಲಿಲ್ಲ.

ಇನ್ನೊಂದು ಮಾತು. "ಕಬ್ಬಿಣ ಬೇಡ, ಫಾಯಿಲ್ ಬೇಡ" ಅಂತ ಬೇರ್ಪಡಿಸೋ ಡಿಸ್ಕ್ರಿಮಿನೇಷನ್‌ಗೆ ಹೆಚ್ಚು ದುಡ್ಡು ಕೊಡಬೇಡಿ. ಚಿಕ್ಕ ಚಿನ್ನವೂ ಫಾಯಿಲ್ ಚೂರೂ ಹೆಚ್ಚೂಕಡಿಮೆ ಒಂದೇ ಥರ ಕೇಳಿಸುತ್ತೆ, ಕೆಟ್ಟ ಮಣ್ಣಿನಲ್ಲಿ ಚಿನ್ನ ಕಬ್ಬಿಣದ ಥರವೂ ತೋರಿಸಬಹುದು. ಸದ್ದು ಬಂದರೆ ಅಗೆಯೋದೇ.

ಹಾಗಾದ್ರೆ ಯಾವ ಮಾಡೆಲ್?

ಬೆಲೆ ದಿನಾ ಬದಲಾಗೋದ್ರಿಂದ ಇಲ್ಲಿ ಬರೀತಿಲ್ಲ. ಹೊಸದು 800ರ ಮೇಲೆ ಹೋದ್ರೆ ಸೆಕೆಂಡ್ ಹ್ಯಾಂಡ್ ನೋಡಿ. ನಾವು ಹೋಲಿಸಿ ನೋಡಿದವು ಇವು:

ಮೈನ್‌ಲ್ಯಾಬ್ ಗೋಲ್ಡ್ ಮಾನ್‌ಸ್ಟರ್ 1000: 45 ಕಿಲೋಹರ್ಟ್ಸ್. ಗ್ರೌಂಡ್ ಬ್ಯಾಲೆನ್ಸ್ ತಾನೇ ಮಾಡ್ಕೊಳ್ಳುತ್ತೆ. ಹೊಂದಿಸೋದು ಕಡಿಮೆ, ಹೊಸಬರಿಗೆ ಸುಲಭ.

ಗ್ಯಾರೆಟ್ ಗೋಲ್ಡ್‌ಮಾಸ್ಟರ್ 24ಕೆ: 48 ಕಿಲೋಹರ್ಟ್ಸ್. ಟ್ರ್ಯಾಕಿಂಗ್ ಇದೆ. ಸ್ವಲ್ಪ ಕಲಿಯೋಕೆ ತಯಾರಿದ್ರೆ ಚೆನ್ನ.

ನೋಕ್ಟಾ ಗೋಲ್ಡ್ ಕ್ರೂಸರ್: 61 ಕಿಲೋಹರ್ಟ್ಸ್. ನೀರಲ್ಲಿ ಮುಳುಗಿಸಬಹುದು, ತೊರೆಗಳಲ್ಲಿ ಹುಡುಕೋರಿಗೆ ಇದು.

ಫಿಷರ್ ಗೋಲ್ಡ್ ಬಗ್ 2: 71 ಕಿಲೋಹರ್ಟ್ಸ್. ಹಳೇ ಮಾಡೆಲ್, ಪುಟ್ಟ ಚಿನ್ನಕ್ಕೆ ಹೆಸರುವಾಸಿ. ಬ್ಯಾಲೆನ್ಸ್ ಪೂರ್ತಿ ಕೈಯಲ್ಲೇ ಮಾಡಬೇಕು, ಕೆಂಪು ಮಣ್ಣಲ್ಲಿ ಹೊಸಬರಿಗೆ ತಲೆನೋವು.

ಮೈನ್‌ಲ್ಯಾಬ್ ಇಕ್ವಿನಾಕ್ಸ್ 800: ಹಲವು ಫ್ರೀಕ್ವೆನ್ಸಿ ಒಟ್ಟಿಗೆ. ಬೀಚ್, ಪಾರ್ಕ್, ಚಿನ್ನ ಮೂರಕ್ಕೂ ನಡೆಯುತ್ತೆ. ನೆನಪಿರಲಿ, ಗೋಲ್ಡ್ ಮೋಡ್ ಇರೋದು 800ರಲ್ಲಿ, 600ರಲ್ಲಿ ಇಲ್ಲ.

ಅಣ್ಣನಿಗೆ ನಾವು ಹೇಳಿದ್ದು: ಚಿನ್ನಕ್ಕೆ ಮಾತ್ರ ಅಂದ್ರೆ 45 ಅಥವಾ 48 ಕಿಲೋಹರ್ಟ್ಸ್‌ನ ಮಷಿನ್, ತಾನೇ ಬ್ಯಾಲೆನ್ಸ್ ಮಾಡೋದು, ಬಳಸಿದ್ದು. ಚಿನ್ನದ ಹುಚ್ಚು ಎರಡು ತಿಂಗಳಲ್ಲಿ ಇಳಿದು ಬೀಚ್ ಕಡೆ ಮನಸ್ಸು ಹೋಗಬಹುದು ಅನ್ನಿಸಿದ್ರೆ ಇಕ್ವಿನಾಕ್ಸ್.

800 ಡಾಲರ್ ಹಂಚೋದು ಹೇಗೆ

ಪೂರ್ತಿ 800 ಮಷಿನ್‌ಗೇ ಸುರಿಯಬೇಡ ಅಂದೆವು. ಮಷಿನ್‌ಗೆ ಹೆಚ್ಚೆಂದರೆ 600. ಉಳಿದದ್ದರಲ್ಲಿ ಒಂದು ಗಟ್ಟಿ ಗುದ್ದಲಿ, ಅದರ ತಲೆಗೆ ಅಂಟಿಸಿದ ಒಂದು ಅಯಸ್ಕಾಂತ, ಮಣ್ಣು ಬಗೆದು ನೋಡೋಕೆ ಒಂದು ಪ್ಲಾಸ್ಟಿಕ್ ಸ್ಕೂಪ್, ಒಂದು ಹೆಡ್‌ಫೋನ್. ಅಯಸ್ಕಾಂತ ಯಾಕೆ ಅಂದ್ರೆ ಅಗೆದ ಮಣ್ಣಲ್ಲಿ ಹಳೇ ಮೊಳೆ ಇದ್ರೆ ಅದೇ ಬಂದು ಅಂಟುತ್ತೆ, ಹುಡುಕೋ ಟೈಮ್ ಉಳಿಯುತ್ತೆ. ಸ್ಕೂಪ್ ಪ್ಲಾಸ್ಟಿಕ್‌ದೇ ಆಗಬೇಕು, ಕಬ್ಬಿಣದ್ದಾದ್ರೆ ಡಿಟೆಕ್ಟರ್ ಅದಕ್ಕೇ ಕೂಗುತ್ತೆ. ಪೆಟ್ರೋಲ್, ನೀರು, ಗಟ್ಟಿ ಬೂಟು ಇವೂ ಖರ್ಚೇ.

ಕಾಯಿಲ್ ವಿಷಯದಲ್ಲೂ ದೊಡ್ಡದು ಅಂದ್ರೆ ಒಳ್ಳೇದು ಅಂತಲ್ಲ. ದೊಡ್ಡ ಕಾಯಿಲ್ ದೊಡ್ಡ ವಸ್ತುವನ್ನ ಆಳದಲ್ಲಿ ಹಿಡಿಯುತ್ತೆ, ಪುಟ್ಟದನ್ನ ಬಿಡುತ್ತೆ. ಜೊತೆಗೆ ಹೆಚ್ಚು ಮಣ್ಣನ್ನೂ ನೋಡೋದ್ರಿಂದ ಗಲಾಟೆಯೂ ಜಾಸ್ತಿ. ಚಿಕ್ಕ ಚಿನ್ನಕ್ಕೆ ಚಿಕ್ಕ ಕಾಯಿಲ್, ನೆಲಕ್ಕೆ ತಾಗೋ ಹಾಗೆ, ನಿಧಾನವಾಗಿ. ಆರು ಘಾತದ ಲೆಕ್ಕ ನೆನಪಿದೆಯಲ್ಲ? ಕಾಯಿಲ್‌ನ ನೆಲದಿಂದ ಎರಡು ಸೆಂಟಿಮೀಟರ್ ಮೇಲೆ ಆಡಿಸಿದ್ರೆ ಆ ಎರಡು ಸೆಂಟಿಮೀಟರ್ ಆಳ ದಂಡ. ದುಡ್ಡಿಲ್ಲದೆ ಆಳ ಹೆಚ್ಚಿಸೋ ದಾರಿ ಇದೊಂದೇ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಒಂದು ಪುಟ್ಟ ಪರೀಕ್ಷೆ. ಬಂದೂಕಿನ ಕಾರ್ಟ್ರಿಡ್ಜ್‌ನ ಒಂದು 2 ಮಿಲಿಮೀಟರ್ ಸೀಸದ ಗುಂಡನ್ನ ಪ್ಲಾಸ್ಟಿಕ್ ಕಾರ್ಡಿಗೆ ಅಂಟಿಸಿ ಜೇಬಲ್ಲಿ ಇಟ್ಕೊಳ್ಳಿ. ನಮ್ಮ ಲೆಕ್ಕದ ಪ್ರಕಾರ ಅದರ ಸಿಗ್ನಲ್ ಸುಮಾರು 1.4 ಮಿಲಿಮೀಟರ್ ಚಿನ್ನದ ಗುಂಡಿನಷ್ಟು, ಅಂದ್ರೆ 0.03 ಗ್ರಾಂ ಚಿನ್ನ. ಮಷಿನ್ ಆನ್ ಮಾಡಿ, ಕಾರ್ಡನ್ನ ಕಾಯಿಲ್ ಮುಂದೆ ಆಡಿಸಿ. ಹತ್ತಿರದಲ್ಲೂ ಕೇಳಿಸದಿದ್ರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. ಆಮೇಲೆ ಕಾಯಿಲ್‌ನ ನೆಲದ ಮೇಲೆ ಎತ್ತಿ ಇಳಿಸಿ ನೋಡಿ, ಬ್ಯಾಲೆನ್ಸ್ ಆದ ಮೇಲೆ ಸದ್ದು ಹೆಚ್ಚುಕಡಿಮೆ ಆಗಬಾರದು. ಕೇಬಲ್ ಅಲ್ಲಾಡಿಸಿ, ಕರ್ರ್ ಅನ್ನಬಾರದು. ದೊಡ್ಡ ಕಂಪನಿಗಳ ಹೆಸರಲ್ಲಿ ನಕಲಿ ಮಷಿನ್‌ಗಳೂ ಓಡಾಡ್ತವೆ, ಹಾಗಾಗಿ ಬಿಲ್ ಮತ್ತು ಸೀರಿಯಲ್ ನಂಬರ್ ಕೇಳೋಕೆ ಸಂಕೋಚ ಬೇಡ.

ಲೈಸೆನ್ಸ್ ಮರೀಬೇಡಿ. ವಿಕ್ಟೋರಿಯಾದಲ್ಲಿ 'ಮೈನರ್ಸ್ ರೈಟ್' ಅನ್ನೋ ಪರವಾನಗಿ ಬೇಕು, ಒಮ್ಮೆ ತಗೊಂಡ್ರೆ 10 ವರ್ಷ. ಅದಿದ್ರೂ ಕೈ ಉಪಕರಣ ಮಾತ್ರ ಬಳಸಬೇಕು. ಖಾಸಗಿ ಜಮೀನಾದ್ರೆ ಮಾಲೀಕರ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುತೇಕ ಕಡೆ ಬಿಡಲ್ಲ. ಅಲ್ಲಿನ ಮೂಲನಿವಾಸಿಗಳ ಪರಂಪರೆಯ ಜಾಗಗಳನ್ನ ಮುಟ್ಟಬಾರದು. ಅಗೆದ ಗುಂಡಿಯನ್ನ ಮುಚ್ಚಿಯೇ ಬರಬೇಕು.

ನಮ್ಮ ಕೋಲಾರದಲ್ಲಿ ಟ್ರೈ ಮಾಡಬಹುದಾ?

ಇದನ್ನ ಕ್ಲಾಸ್‌ನಲ್ಲಿ ಹೇಳಿದಾಗ ಎಲ್ಲರೂ ಕೇಳಿದ ಪ್ರಶ್ನೆ. ಉತ್ತರ, ಇಲ್ಲ. ಮೊದಲನೇ ಕಾರಣ ಫಿಸಿಕ್ಸ್. ಕೋಲಾರದಲ್ಲೂ ರಾಯಚೂರಿನ ಹಟ್ಟಿಯಲ್ಲೂ ಚಿನ್ನ ಇರೋದು ಬಂಡೆಯೊಳಗಿನ ಬಿಳಿಕಲ್ಲಿನ ಪದರಗಳಲ್ಲಿ, ಬಹುಪಾಲು ಸಣ್ಣ ಕಣಗಳಾಗಿ. ಒಂದು ಟನ್ ಅದಿರಿಗೆ ಕೆಲವೇ ಗ್ರಾಂ. ಕಣ ಕಣಕ್ಕೂ ಮಧ್ಯೆ ಕಲ್ಲು ಇರೋದ್ರಿಂದ ಎಡ್ಡಿ ಕರೆಂಟ್ ಸುತ್ತೋಕೆ ದಾರಿಯೇ ಇಲ್ಲ. ಒಂದು ಗ್ರಾಂ ಚಿನ್ನ ಒಂದೇ ಉಂಡೆಯಾಗಿದ್ರೆ ಡಿಟೆಕ್ಟರ್ ಕೂಗುತ್ತೆ, ಅದೇ ಒಂದು ಗ್ರಾಂ ಲಕ್ಷ ಕಣವಾಗಿ ಹರಡಿದ್ರೆ ಸುಮ್ಮನಿರುತ್ತೆ. 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಕೆಜಿಎಫ್ ಗಣಿಗಳ ಪಕ್ಕದ ಸೈನೈಡ್ ದಿಬ್ಬಗಳಲ್ಲೂ ಉಳಿದಿರೋ ಚಿನ್ನ ಇದೇ ಥರದ್ದು, ಪುಡಿ.

ಎರಡನೇ ಕಾರಣ ಕಾನೂನು. 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಖನಿಜ ಹುಡುಕೋ ಹಾಗಿಲ್ಲ, ವಿಕ್ಟೋರಿಯಾದ ಥರ ಭಾನುವಾರದ ಹವ್ಯಾಸಕ್ಕೆ ಇಲ್ಲಿ ಅವಕಾಶ ಇಲ್ಲ. ಹಳೇ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆ ಬರುತ್ತೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 2019ರಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದ್ದು ನಮಗೆಲ್ಲ ಗೊತ್ತು. ಅಂಥ ಕೆಲಸಕ್ಕೆ ನಮ್ಮ ಲೇಖನ ಕೈಪಿಡಿ ಆಗೋದು ಬೇಡ.

ಅಣ್ಣನಿಗೆ ಚಿನ್ನ ಸಿಕ್ತಾ?

ಅಣ್ಣ ಆ ಸ್ಕ್ರೀನ್‌ಶಾಟ್‌ನ ಮಷಿನ್ ಬಿಟ್ಟ. ಮೊದಲು ಒಂದು ಅಂಗಡಿಯಿಂದ ಎರಡು ದಿನಕ್ಕೆ ಡಿಟೆಕ್ಟರ್ ಬಾಡಿಗೆಗೆ ತಗೊಂಡು ಬಿಸಿಲಲ್ಲಿ ಅಲೆದು, ಈ ಕೆಲಸ ತನಗೆ ಇಷ್ಟವಾಗುತ್ತೆ ಅಂತ ಖಾತ್ರಿ ಮಾಡ್ಕೊಂಡ. ಆಮೇಲೆ ಬಳಸಿದ ಒಂದು 45 ಕಿಲೋಹರ್ಟ್ಸ್ ಮಷಿನ್, ಸೀಸದ ಗುಂಡಿನ ಪರೀಕ್ಷೆ ಮಾಡಿಯೇ, 580 ಡಾಲರ್‌ಗೆ ತಗೊಂಡ.

ನಾಲ್ಕು ಭಾನುವಾರದ ಲೆಕ್ಕ ನಮಗೆ ಫೋಟೋ ಸಮೇತ ಬಂದಿದೆ: 23 ಸೀಸದ ಗುಂಡು, 11 ಮೊಳೆ, ಒಂದು ಬೆಲ್ಟಿನ ಬಕಲ್, ಫಾಯಿಲ್ ಲೆಕ್ಕವಿಲ್ಲ. ಚಿನ್ನ ಇಲ್ಲ. ಹಾಕಿದ ದುಡ್ಡು ವಾಪಸ್ ಬರುತ್ತೆ ಅಂತ ಯಾರಾದ್ರೂ ಡಿಟೆಕ್ಟರ್ ತಗೊಳ್ತಿದ್ರೆ ಈ ಪಟ್ಟಿಯನ್ನ ಎರಡು ಸಲ ಓದಲಿ. ಮನೆ ಬಾಡಿಗೆ, ಫೀಸು ಕಟ್ಟಿ ಉಳಿದ ದುಡ್ಡಲ್ಲಿ ಮಾತ್ರ ಮಾಡೋ ಹವ್ಯಾಸ ಇದು.

"ಬೇಜಾರಾಯ್ತಾ ಅಣ್ಣ?" ಅಂತ ಕೇಳಿದೆವು. "ಇಲ್ಲ ಕಣ್ರೋ, ಸಾಸಿವೆಗಿಂತ ಸ್ವಲ್ಪ ದಪ್ಪ ಇರೋ ಸೀಸ ಮಣ್ಣೊಳಗಿಂದ ಕೇಳಿಸ್ತಿದೆ. ಅಂದ್ಮೇಲೆ ಚಿನ್ನದ ಮೇಲೆ ಹೋದ ದಿನ ಅದೂ ಕೇಳಿಸುತ್ತೆ. ಇನ್ನು ಅದರ ಮೇಲೆ ಹೋಗೋದಷ್ಟೇ ನನ್ನ ಕೆಲಸ" ಅಂದ. ನಾವು ಲೆಕ್ಕ ಹಾಕಿದ್ದೂ ಅಷ್ಟಕ್ಕೇ. ಮಷಿನ್ ಸರಿ ಇದೆ ಅನ್ನೋ ನಂಬಿಕೆ ಇದ್ರೆ ಮುಂದಿನ ಭಾನುವಾರ ಮತ್ತೆ ಹೋಗೋಕೆ ಮನಸ್ಸು ಬರುತ್ತೆ.